ಕೋಡಂಗಿ ವೇಷದಲ್ಲಿ ಎಯೊರ್ಜಿಯಾ ಪ್ರವೇಶ

ಕಂಪ್ಯೂಟರ್ ಆಟವೊಂದರಲ್ಲಿ ನನ್ನ ಪಾತ್ರಕ್ಕೆ ಹೆಸರಿಡುವ ಹೊತ್ತಿಗೆ ರಾತ್ರಿ ಹನ್ನೊಂದೂವರೆಯಾಗಿತ್ತು. ಪರದೆಯ ಮೇಲೆ ಎರಡು ಖಾನೆಗಳಿದ್ದವು, ಒಂದು ಹೆಸರಿಗೆ, ಇನ್ನೊಂದು ಮನೆತನದ ಹೆಸರಿಗೆ. ಎರಡೂ ಸೇರಿ ಇಪ್ಪತ್ತು ಅಕ್ಷರ ಮೀರುವಂತಿರಲಿಲ್ಲ, ಕನ್ನಡ ಲಿಪಿಯಂತೂ ಅಲ್ಲಿ ಮೂಡುತ್ತಲೇ ಇರಲಿಲ್ಲ. ಹೊನ್ನಾವರದ ಕಡೆ ಯಕ್ಷಗಾನ ನೋಡುತ್ತ ಬೆಳೆದ ನನಗೆ, ವೇಷ ಕಟ್ಟುವುದು ಎಂದೊಡನೆ ನೆನಪಾದದ್ದು ಪೂರ್ವರಂಗದ ಕೋಡಂಗಿ. ಇನ್ನೂ ಹೆಜ್ಜೆ ಕಲಿಯುತ್ತಿರುವ ಹುಡುಗರು ರಾತ್ರಿಯ ಮೊದಲಿಗೆ ಕೋಡಂಗಿಗಳಾಗಿ ಕುಣಿದು ಹೋಗುತ್ತಾರೆ. ತಾಳ ತಪ್ಪಿದರೂ ಯಾರೂ ಅಷ್ಟಾಗಿ ಗಮನಿಸುವುದಿಲ್ಲ, ಏಕೆಂದರೆ ನೋಡಲು ಬಂದವರು ಆಗಿನ್ನೂ ಚಾಪೆ ಹಾಸಿಕೊಳ್ಳುತ್ತಿರುತ್ತಾರೆ. ಐವತ್ತೆರಡನೆಯ ವಯಸ್ಸಿನಲ್ಲಿ, ಲೆಕ್ಕಪತ್ರಗಳನ್ನು ಬಿಟ್ಟರೆ ಕಂಪ್ಯೂಟರಿನಲ್ಲಿ ಹೆಚ್ಚೇನನ್ನೂ ಮಾಡಿರದ ನನಗೆ ಇದಕ್ಕಿಂತ ಒಪ್ಪುವ ಹೆಸರು ಹೊಳೆಯಲಿಲ್ಲ. ‘ಕೋಡಂಗಿ ಹೊನ್ನಾವರ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದೆ. ಹದಿನಾರು ಅಕ್ಷರ, ಆಟ ಒಪ್ಪಿಕೊಂಡಿತು.

ಆಟದ ಹೆಸರು ಫೈನಲ್ ಫ್ಯಾಂಟಸಿ 14. ಜಪಾನಿನ ಸ್ಕ್ವೇರ್ ಎನಿಕ್ಸ್ ಸಂಸ್ಥೆಯ ಈ ಆಟದಲ್ಲಿ ಸಾವಿರಾರು ಜನ ಏಕಕಾಲಕ್ಕೆ ಒಂದೇ ಕಲ್ಪಿತ ಲೋಕದೊಳಗೆ ಓಡಾಡುತ್ತಾರೆ, ಪ್ರತಿಯೊಬ್ಬರೂ ತಾವು ಕಟ್ಟಿಕೊಂಡ ಒಂದು ವೇಷದಲ್ಲಿ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಅಕ್ಕನ ಮಗ ಇದನ್ನು ಆರು ವರ್ಷಗಳಿಂದ ಆಡುತ್ತಿದ್ದಾನೆ. ನಾನು ಫೋನಿನಲ್ಲಿ ಚದುರಂಗ ಆಡುತ್ತ ಕೂತದ್ದನ್ನು ನೋಡಿ ಅವನು, “ಮಾವ, ಯಂತ್ರದ ಜೊತೆ ಆಡಿ ಸೋತದ್ದು ಸಾಕು. ಇದನ್ನೊಮ್ಮೆ ನೋಡಿ, ದುಡ್ಡು ಕೊಡುವುದೂ ಬೇಡ” ಎಂದ. ದುಡ್ಡು ಬೇಡ ಎಂದದ್ದು ನಿಜವೇ. 2023ರ ಅಕ್ಟೋಬರಿನಿಂದ ಈ ಆಟದ ಉಚಿತ ಆವೃತ್ತಿಯಲ್ಲಿ 70ನೇ ಹಂತದವರೆಗೆ, ಅಂದರೆ ಮೂಲ ಕಥೆಯನ್ನೂ ಅದರ ಮೊದಲ ಎರಡು ವಿಸ್ತರಣೆಗಳನ್ನೂ ಕಾಲಮಿತಿಯಿಲ್ಲದೆ ಆಡಬಹುದು.

ಅದನ್ನು ಇಳಿಸಿಕೊಳ್ಳುವುದೇ ಒಂದು ಸಾಹಸವಾಯಿತು. ಕಂಪ್ಯೂಟರಿನಲ್ಲಿ 140 ಜಿಬಿ ಖಾಲಿ ಜಾಗ ಬೇಕೆಂದು ತಿಳಿದಾಗ ಹತ್ತು ವರ್ಷದ ಮದುವೆ, ಮುಂಜಿಗಳ ವಿಡಿಯೊಗಳನ್ನೆಲ್ಲ ಬೇರೆ ಡ್ರೈವಿಗೆ ಸಾಗಿಸಿದೆ. ನಮ್ಮ ಊರಿನ ಅಂತರ್ಜಾಲ ಸಂಪರ್ಕ ಮಳೆಗಾಲದಲ್ಲಿ ತನ್ನಿಷ್ಟದಂತೆ ಬಂದು ಹೋಗುವಂಥದ್ದಾದ್ದರಿಂದ ಮೂರು ರಾತ್ರಿ ಕಂಪ್ಯೂಟರನ್ನು ಆರಿಸದೆ ಬಿಟ್ಟು ಮಲಗಿದೆ. ಭಾರತದಲ್ಲಿ ಈ ಆಟದ ಸರ್ವರ್ ಇಲ್ಲ. ಜಪಾನ್, ಉತ್ತರ ಅಮೆರಿಕ, ಯುರೋಪ್ ಮತ್ತು ಓಷಿಯಾನಿಯಾಗಳ ಪೈಕಿ ಒಂದನ್ನು ಆರಿಸಿಕೊಳ್ಳಬೇಕು. ಅಳಿಯ ಇರುವುದು ಜಪಾನಿನ ‘ಎಲಿಮೆಂಟಲ್’ ಎಂಬ ಗುಂಪಿನಲ್ಲಿ, ಆದ್ದರಿಂದ ನಾನೂ ಅಲ್ಲಿಗೇ ಹೋದೆ.

ಕಾಯುತ್ತಿದ್ದ ಆ ಮೂರು ರಾತ್ರಿಗಳಲ್ಲಿ ಆಟದ ಇತಿಹಾಸವನ್ನು ಓದಿದೆ. ಲೆಕ್ಕಪರಿಶೋಧಕನಾದ ನನಗೆ ಅದು ಆಟದಷ್ಟೇ ಸ್ವಾರಸ್ಯಕರವಾಗಿ ಕಂಡಿತು. ಈ ಆಟ ಮೊದಲು ಬಿಡುಗಡೆಯಾದದ್ದು 2010ರ ಸೆಪ್ಟೆಂಬರಿನಲ್ಲಿ, ಮತ್ತು ಅದು ಹೀನಾಯವಾಗಿ ಸೋತಿತು. ಅದೇ ಡಿಸೆಂಬರಿನಲ್ಲಿ ನವೋಕಿ ಯೋಶಿದಾ ಎಂಬುವವರಿಗೆ ಹೊಣೆ ವಹಿಸಲಾಯಿತು. ಅವರು ಹಳೆಯ ಆಟವನ್ನು ತೇಪೆ ಹಾಕುತ್ತ ನಡೆಸುತ್ತಲೇ, ಇನ್ನೊಂದು ಕಡೆ ಹೊಸ ಆಟವನ್ನು ಬುಡದಿಂದ ಕಟ್ಟಿಸಿದರು. 2012ರ ನವೆಂಬರ್ 11ರಂದು ಹಳೆಯ ಸರ್ವರ್‌ಗಳನ್ನು ನಿಲ್ಲಿಸುವಾಗ, ಆ ನಿಲುಗಡೆಯನ್ನೇ ಕಥೆಯೊಳಗೆ ತಂದುಕೊಂಡರು: ಆಕಾಶದಲ್ಲಿದ್ದ ಒಂದು ಕೆಂಪು ಚಂದ್ರ ನೆಲದತ್ತ ಬೀಳುತ್ತ ಒಡೆಯುತ್ತದೆ, ಅದರೊಳಗಿಂದ ಸರ್ಪದೈತ್ಯವೊಂದು ಹೊರಬರುತ್ತದೆ, ಲೋಕ ಸುಟ್ಟುಹೋಗುತ್ತದೆ. 2013ರ ಆಗಸ್ಟ್ 27ರಂದು ತೆರೆದ ಹೊಸ ಆಟ, ಆ ಪ್ರಳಯವಾಗಿ ಐದು ವರ್ಷಗಳ ನಂತರದ ಎಯೊರ್ಜಿಯಾ ಎಂಬ ನಾಡಿನಿಂದ ಆರಂಭವಾಗುತ್ತದೆ. ನಷ್ಟವನ್ನು ಅಡಗಿಸಿಡದೆ ಅದನ್ನೇ ಪುರಾಣವನ್ನಾಗಿ ಮಾಡಿದ ಇಂಥ ಲೆಕ್ಕವನ್ನು ನನ್ನ ಮೂವತ್ತು ವರ್ಷದ ವೃತ್ತಿಯಲ್ಲಿ ಎಲ್ಲಿಯೂ ಕಂಡಿರಲಿಲ್ಲ.

ವೇಷ ಕಟ್ಟುವುದಕ್ಕೆ ಒಂದೂವರೆ ಗಂಟೆ ಹಿಡಿಯಿತು. ಕುಲ, ಎತ್ತರ, ಮೂಗಿನ ಆಕಾರ, ಹುಬ್ಬು, ಕಣ್ಣಿನ ಬಣ್ಣ, ದನಿ ಎಲ್ಲವನ್ನೂ ಆರಿಸಬೇಕು. ಹುಟ್ಟಿದ ತಿಥಿಯನ್ನೂ, ಹನ್ನೆರಡು ದೇವತೆಗಳ ಪೈಕಿ ಒಂದು ಕುಲದೇವತೆಯನ್ನೂ ಹೇಳಬೇಕು. ಇವೆರಡರಿಂದ ಆಟದಲ್ಲಿ ಏನೂ ವ್ಯತ್ಯಾಸವಾಗುವುದಿಲ್ಲ ಎಂದು ಅಳಿಯ ಆಮೇಲೆ ಹೇಳಿದ, ಆದರೆ ನಾನು ಜಾತಕ ನೋಡುವವನಂತೆ ಯೋಚಿಸಿಯೇ ಆರಿಸಿದ್ದೆ. ಕುಲಗಳಲ್ಲಿ ‘ಲಾಲಾಫೆಲ್’ ಎಂಬ ಮೋಟು ಜನರನ್ನು ಆಯ್ದೆ. ಗುಂಡು ಮುಖ, ಪುಟ್ಟ ಕಾಲು, ನಡೆದರೆ ಓಡಿದಂತೆ ಕಾಣುವ ಹೆಜ್ಜೆ. ಕೋಡಂಗಿಗೆ ಇದು ಒಪ್ಪುತ್ತದೆ. ವೃತ್ತಿ ಯಾವುದೆಂದು ಕೇಳಿದಾಗ ಕತ್ತಿ, ಈಟಿಗಳನ್ನು ಬಿಟ್ಟು, ಗಾಯಗೊಂಡವರನ್ನು ಮಂತ್ರದಿಂದ ಗುಣಪಡಿಸುವ ‘ಕಾಂಜ್ಯುರರ್’ ಆದೆ. ಹಿಂದೆ ನಿಂತು ಮಾಡುವ ಕೆಲಸ ಸುಲಭವಿರಬಹುದೆಂದು ಭಾವಿಸಿದ್ದು ನನ್ನ ಮೊದಲ ದೊಡ್ಡ ತಪ್ಪು. ಅದು ತಪ್ಪೆಂದು ತಿಳಿಯಲು ಹದಿನೈದು ಹಂತ ಬೇಕಾಯಿತು.

ಆರಿಸಿಕೊಂಡ ವೃತ್ತಿಯೇ ಹುಟ್ಟೂರನ್ನೂ ನಿರ್ಧರಿಸುತ್ತದೆ. ಕಾಂಜ್ಯುರರ್‌ಗಳ ಊರು ಗ್ರಿಡಾನಿಯಾ, ದಟ್ಟ ಕಾಡಿನ ನಡುವೆ ಮರ ಮತ್ತು ನೀರಿನಿಂದ ಕಟ್ಟಿದಂಥ ಪಟ್ಟಣ. ಗಾಡಿಯಲ್ಲಿ ಕುಳಿತು ಅಲ್ಲಿಗೆ ಬಂದಿಳಿದಾಗ ಎಲೆಗಳ ನಡುವಿನಿಂದ ಬೀಳುತ್ತಿದ್ದ ಬಿಸಿಲು, ತಿರುಗುತ್ತಿದ್ದ ನೀರಿನ ಚಕ್ರ, ದೂರದಲ್ಲೆಲ್ಲೋ ನುಡಿಯುತ್ತಿದ್ದ ಕೊಳಲು, ಇವನ್ನು ನೋಡುತ್ತ ಕೇಳುತ್ತ ಸುಮ್ಮನೆ ನಿಂತುಬಿಟ್ಟೆ. ಆ ಲೋಕದ ಒಂದು ದಿನ ನಮ್ಮ 70 ನಿಮಿಷಗಳಲ್ಲಿ ಮುಗಿಯುತ್ತದೆ. ಹಾಗಾಗಿ ಊಟವಾದ ಮೇಲೆ ಕುಳಿತರೆ ಮಲಗುವುದರೊಳಗೆ ಎರಡು ಸಲ ಸೂರ್ಯೋದಯ ನೋಡಬಹುದು. ರಾತ್ರಿಯಾದಾಗ ದೀಪಗಳು ಹೊತ್ತಿಕೊಳ್ಳುತ್ತವೆ, ಸಂಗೀತವೂ ತಗ್ಗುತ್ತದೆ. ಮಳೆಯೂ ಬರುತ್ತದೆ. ಹೊರಗೆ ನಮ್ಮ ಮಾಡಿನ ಮೇಲೆ ನಿಜವಾದ ಮಳೆ, ಒಳಗೆ ಕಾಡಿನ ಮೇಲೆ ಬರೆದ ಮಳೆ. ಕೆಲವು ಸಲ ಯಾವ ಸದ್ದು ಎಲ್ಲಿಯದೆಂದು ತಿಳಿಯುತ್ತಿರಲಿಲ್ಲ.

ಮೊದಲ ಕೆಲಸಗಳು ತೀರ ಸಣ್ಣವು. ಚೌಕದಲ್ಲಿರುವ ‘ಈಥರೈಟ್’ ಎಂಬ ದೊಡ್ಡ ಸ್ಫಟಿಕವನ್ನು ಮುಟ್ಟಿ ಬರಬೇಕು. ಒಮ್ಮೆ ಮುಟ್ಟಿದ ಸ್ಫಟಿಕದ ಬಳಿಗೆ ಆಮೇಲೆ ಎಲ್ಲಿಂದ ಬೇಕಾದರೂ ಕ್ಷಣದಲ್ಲಿ ಬಂದು ನಿಲ್ಲಬಹುದು. ನಿಮ್ಮ ವೃತ್ತಿಯವರ ಸಂಘಕ್ಕೆ ಹೋಗಿ ಹೆಸರು ನೋಂದಾಯಿಸಬೇಕು. ಸಂತೆಯಲ್ಲಿ ಯಾರಿಗೋ ಒಂದು ಗಂಟು ತಲುಪಿಸಬೇಕು. ಇದಾದ ಮೇಲೆ ಊರ ಹೊರಗೆ ಕಳಿಸಿ ಅಳಿಲುಗಳನ್ನು ಕೊಲ್ಲಲು ಹೇಳಿದರು. ಸೇತುವೆ ಕಟ್ಟುವಾಗ ಮರಳು ಹೊತ್ತ ಅಳಿಲಿನ ಕಥೆಯನ್ನು ಅಜ್ಜಿಯ ಬಾಯಿಂದ ಕೇಳಿ ಬೆಳೆದವನಿಗೆ ಲೋಕೋದ್ಧಾರದ ದಾರಿಯ ಮೊದಲ ಹೆಜ್ಜೆಯಾಗಿ ಇದನ್ನು ಕೊಟ್ಟದ್ದು ವಿಚಿತ್ರವೆನಿಸಿತು. ‘ಸ್ಟೋನ್’ ಎಂಬ ಮಂತ್ರದ ಗುಂಡಿ ಒತ್ತಿದರೆ ಒಂದೂವರೆ ಸೆಕೆಂಡು ಕೈ ಎತ್ತಿ ಜಪಿಸಿ ಕಲ್ಲು ಎಸೆಯುತ್ತಾನೆ ನನ್ನ ಕೋಡಂಗಿ. ಒಂದು ಮಂತ್ರಕ್ಕೂ ಮುಂದಿನದಕ್ಕೂ ಎರಡೂವರೆ ಸೆಕೆಂಡಿನ ಅಂತರವಿರಲೇಬೇಕು. ಈ ಅಂತರದ ಬಗ್ಗೆ ಹುಡುಗರು ಬೇಸರಪಡುತ್ತಾರಂತೆ. ನನ್ನ ಬೆರಳುಗಳಿಗೆ ಅದು ವಿಳಂಬ ಲಯದ ಹಾಗೆ ಹಿತವಾಗಿತ್ತು. ಟೋಕಿಯೊ ಕಡೆಗೆ ಹೋಗಿ ಬರುವ ಸಂಕೇತದ ತಡವೂ ಆ ಅಂತರದೊಳಗೆ ಹೆಚ್ಚಾಗಿ ಅಡಗಿಹೋಗುತ್ತಿತ್ತು.

ಓದುವುದು ಬಹಳವಿದೆ, ಇದನ್ನು ಮೊದಲೇ ಹೇಳಿಬಿಡಬೇಕು. ಕಥೆಯ ಹೆಚ್ಚಿನ ಭಾಗಕ್ಕೆ ಆರಂಭದಲ್ಲಿ ದನಿಯಿಲ್ಲ. ಪಾತ್ರಗಳು ಕೈಯಾಡಿಸುತ್ತ ನಿಲ್ಲುತ್ತವೆ, ಮಾತು ಅಕ್ಷರಗಳಲ್ಲಿ ಬರುತ್ತದೆ. ಜಪಾನಿ, ಇಂಗ್ಲಿಷ್, ಫ್ರೆಂಚ್, ಜರ್ಮನ್ ಭಾಷೆಗಳಲ್ಲಿ ಅದನ್ನು ಓದಬಹುದು. ಇಂಗ್ಲಿಷ್ ಆವೃತ್ತಿಯನ್ನು ಬರೆದವರು ಬೇಕೆಂದೇ ಹಳೆಯ ಕಾಲದ ನುಡಿಗಟ್ಟನ್ನು ಹಿಡಿದಿದ್ದಾರೆ, ಒಬ್ಬ ಪಂಡಿತನಂತೂ ಬಾಯಿ ತೆರೆದರೆ ನಾಲ್ಕು ಶತಮಾನ ಹಿಂದಿನ ಇಂಗ್ಲಿಷ್. ಇದರಿಂದ ಅನೇಕರು ಸುಸ್ತಾಗುತ್ತಾರೆಂದು ಕೇಳಿದ್ದೇನೆ, ಆದರೆ ತಾಳಮದ್ದಳೆಯ ಅರ್ಥಧಾರಿಗಳ ಸಮಾಸಗಳನ್ನು ಕೇಳುತ್ತ ರಾತ್ರಿಗಳನ್ನು ಕಳೆದವರಿಗೆ ಇದೊಂದು ಹೊರೆಯಲ್ಲ. ದೇವತೆಯೊಡನೆ ಮಾತಾಡುವವರು ಬಸ್ ನಿಲ್ದಾಣದ ಭಾಷೆಯಲ್ಲಿ ಮಾತಾಡಬಾರದೆಂಬ ಪಕ್ಷಕ್ಕೆ ಸೇರಿದವನು ನಾನು. ಬೇಸರ ಬಂದದ್ದು ಭಾಷೆಯಿಂದಲ್ಲ, ಓಡಾಟದಿಂದ. ಇಲ್ಲಿ ಒಬ್ಬರ ಮಾತು ಕೇಳಿ ಕಾಡಿನ ಆ ತುದಿಗೆ ಹೋಗಿ ಇನ್ನೊಬ್ಬರಿಗೆ ಹೇಳಿ, ಮತ್ತೆ ಇಲ್ಲಿಗೇ ಬಂದು ವರದಿ ಒಪ್ಪಿಸುವುದು ಎಷ್ಟು ಸಲ ನಡೆಯಿತೆಂದರೆ ನಾನು ವೀರನೋ ಜವಾನನೋ ಎಂಬ ಅನುಮಾನ ಬಂತು. 2020ರ ಆಗಸ್ಟಿನಲ್ಲಿ ಆರಂಭದ ಕಥೆಯಿಂದ ಇಂಥ ಹಲವು ಓಡಾಟಗಳನ್ನು ಕತ್ತರಿಸಿ ಹಾಕಿದ್ದಾರೆ. ಕತ್ತರಿಸಿದ ಮೇಲೆ ಉಳಿದದ್ದೇ ಇಷ್ಟು!

“ನೀಲಿ ಗುರುತಿನ ಕೆಲಸ ಕಂಡರೆ ಬಿಡಬೇಡಿ ಮಾವ, ಹಳದಿಯವನ್ನು ನೋಡಲೇಬೇಡಿ” ಎಂಬುದು ಅಳಿಯನ ಉಪದೇಶ. ಹಳದಿ ಗುರುತಿನವು ಊರವರ ಬಿಡಿ ಕೆಲಸಗಳು, ಮಾಡದಿದ್ದರೆ ನಷ್ಟವಿಲ್ಲ. ನೀಲಿಯವು ಆಟದ ಹೊಸ ಹೊಸ ಬಾಗಿಲುಗಳನ್ನು ತೆರೆಯುವಂಥವು. ಈ ಒಂದು ಮಾತು ತಿಳಿದಿರದಿದ್ದರೆ ನಾನು ಇವತ್ತಿಗೂ ಗ್ರಿಡಾನಿಯಾದ ಯಾವುದೋ ತೋಟದಲ್ಲಿ ಅಣಬೆ ಕೀಳುತ್ತಿರುತ್ತಿದ್ದೆ.

ಮೊದಲ ಹತ್ತು ದಿನ ಹೀಗೆ ಒಬ್ಬನೇ ತಿರುಗಿದೆ. ಸುತ್ತಲೂ ಜನರಿದ್ದರು, ರೆಕ್ಕೆಯ ಕುದುರೆ ಏರಿದವರು, ಮೈಯೆಲ್ಲ ಹೊಳೆಯುವ ಕವಚದವರು, ಚೌಕದ ನಡುವೆ ಸಾಲಾಗಿ ನಿಂತು ಕುಣಿಯುವವರು. ನನ್ನ ಹೆಸರಿನ ಪಕ್ಕದಲ್ಲಿ ಎರಡೆಲೆಯ ಪುಟ್ಟ ಹಸಿರು ಮೊಳಕೆಯೊಂದು ಸದಾ ಕಾಣುತ್ತಿತ್ತು. ಹೊಸಬರಿಗೆಲ್ಲ ಆಟವೇ ಅಂಟಿಸುವ ಗುರುತು ಅದು. ಕಾರು ಕಲಿಯುವವರ ಗಾಡಿಯ ಹಿಂದಿನ ಕೆಂಪಕ್ಷರದಂತೆ ಅದು ನನಗೆ ಮೊದಲು ಮುಜುಗರ ತಂದಿತು. ಒಮ್ಮೆ ಎತ್ತರದ ಹೆಂಗಸೊಬ್ಬಳು ಓಡುತ್ತಿದ್ದವಳು ನಿಂತು, ನನ್ನತ್ತ ತಿರುಗಿ, ಬಾಗಿ ನಮಸ್ಕರಿಸಿ ಮತ್ತೆ ಓಡಿಹೋದಳು. ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ.

15ನೇ ಹಂತದಲ್ಲಿ ಕಥೆ ದಾರಿ ಬಿಡುವುದಿಲ್ಲ: ಸಸ್ತಾಷಾ ಎಂಬ ಕಡಲಗುಹೆಗೆ ನಾಲ್ವರ ತಂಡದಲ್ಲಿ ಹೋಗಲೇಬೇಕು. ಮುಂದೆ ನಿಂತು ಏಟು ತಿನ್ನುವವನೊಬ್ಬ, ಹೊಡೆಯುವವರಿಬ್ಬರು, ಗುಣಪಡಿಸುವವನೊಬ್ಬ. ನಾಚಿಕೆಯವರಿಗಾಗಿ 2022ರಿಂದ ಇನ್ನೊಂದು ದಾರಿಯೂ ಇದೆ. ಆಟವೇ ನಡೆಸುವ ಮೂರು ಗೊಂಬೆಗಳನ್ನು ಕಟ್ಟಿಕೊಂಡು ಹೋಗಬಹುದು. ನಾನು ಆ ಗುಂಡಿಯ ಮೇಲೆ ಎರಡು ದಿನ ಕೈಯಿಟ್ಟು ಕುಳಿತಿದ್ದೆ. ಒಬ್ಬ ಹೊಡೆತಗಾರ ತಪ್ಪಿದರೆ ಯಾರಿಗೂ ತಿಳಿಯುವುದಿಲ್ಲ, ವೈದ್ಯ ತಪ್ಪಿದರೆ ಮೂವರು ಸಾಯುತ್ತಾರೆ, ಎಲ್ಲರೂ ತಿರುಗಿ ನೋಡುವುದು ಅವನನ್ನೇ. ಹೊಸಬರಿಗೆಂದೇ ಇರುವ ತಾಲೀಮು ಶಾಲೆಗೆ ಹೋಗಿ ಪಾಠಗಳನ್ನೆಲ್ಲ ಮುಗಿಸಿದೆ, ಬಹುಮಾನವಾಗಿ 30ನೇ ಹಂತದವರೆಗೆ, ಹಂತ ಏರಲು ಬೇಕಾದ ಅನುಭವಾಂಕವನ್ನು ಶೇ. 30ರಷ್ಟು ಹೆಚ್ಚಿಸುವ ಒಂದು ಉಂಗುರವೂ ಸಿಕ್ಕಿತು. ಮೂರನೆಯ ದಿನ ರಾತ್ರಿ ಹತ್ತಕ್ಕೆ, ಜಪಾನಿನಲ್ಲಿ ಆಗ ಒಂದೂವರೆ ಎಂಬುದನ್ನು ಯೋಚಿಸದೆ, ಮನುಷ್ಯರ ಸರದಿಯಲ್ಲಿ ಹೆಸರು ಹಾಕಿದೆ. ವೈದ್ಯರ ಕೊರತೆ ಎಲ್ಲ ಕಡೆಯೂ ಇರುವಂತಿದೆ. ಅರ್ಧ ನಿಮಿಷದಲ್ಲಿ ಕರೆ ಬಂತು.

ಗುಹೆಯ ಬಾಯಲ್ಲಿ ಮೂವರು ನಿಂತಿದ್ದರು. ತಂಡದಲ್ಲಿ ಈ ಗುಹೆಯನ್ನು ಮೊದಲ ಸಲ ನೋಡುತ್ತಿರುವವರಿದ್ದಾರೆ, ಮುಗಿಸಿದರೆ ಎಲ್ಲರಿಗೂ ಹೆಚ್ಚುವರಿ ಬಹುಮಾನವಿದೆ ಎಂಬ ಸಾಲು ಪರದೆಯ ಮೇಲೆ ಮೂಡಿತು. ಹೊಸಬ ಯಾರೆಂದು ಹೇಳಬೇಕಾದ ಅಗತ್ಯವಿರಲಿಲ್ಲ. ಮೂರು ಸಾಲು ಜಪಾನಿ ಅಕ್ಷರಗಳು ಬಂದವು, ಒಬ್ಬನು ಮಾತ್ರ ಆಟದ ಸಿದ್ಧವಾಕ್ಯಗಳ ನಿಘಂಟಿನಿಂದ ಒಂದನ್ನು ಆರಿಸಿ ಹಾಕಿದ. ಆ ನಿಘಂಟಿನ ಮಾತು ಓದುವವರ ಭಾಷೆಗೆ ತಾನಾಗಿ ತಿರುಗುತ್ತದೆ. ಅವನು ಜಪಾನಿಯಲ್ಲಿ ಆರಿಸಿದ್ದು ನನಗೆ ಇಂಗ್ಲಿಷಿನಲ್ಲಿ ‘ಭೇಟಿಯಾಗಿ ಸಂತೋಷವಾಯಿತು’ ಎಂದು ಕಂಡಿತು. ನಾನೂ ಅದನ್ನೇ ಹುಡುಕಿ ಕಳಿಸಿದೆ.

ಒಳಗೆ ಸ್ವಲ್ಪ ದೂರ ಹೋದ ಮೇಲೆ ರಕ್ತದಲ್ಲಿ ಬರೆದ ಒಂದು ಚೀಟಿ ಬಿದ್ದಿತ್ತು. ಅಲ್ಲಿ ಕೆಂಪು, ನೀಲಿ, ಹಸಿರು ಬಣ್ಣದ ಮೂರು ಹವಳದ ಗಿಡಗಳಿವೆ. ಚೀಟಿ ಹೇಳುವ ಬಣ್ಣದ್ದನ್ನು ಮುಟ್ಟಿದರೆ ಮುಂದಿನ ದಾರಿ ತೆರೆಯುತ್ತದೆ. ಆ ಮೂವರು ಈ ಗುಹೆಯನ್ನು ಎಷ್ಟೋ ಸಲ ನೋಡಿದವರೆಂದು ಅವರ ನಡಿಗೆಯೇ ಹೇಳುತ್ತಿತ್ತು. ಆದರೂ ಚೀಟಿಯ ಬಳಿ ಬಂದೊಡನೆ ಮೂವರೂ ನಿಂತರು. ಒಬ್ಬ ಕುಳಿತುಕೊಂಡ. ನಾನು ಚೀಟಿಯನ್ನು ತೆರೆದು, ಓದಿ, ನೀಲಿ ಎಂದು ತಿಳಿದು, ಆ ಹವಳವನ್ನು ಹುಡುಕಿ ಮುಟ್ಟುವವರೆಗೂ ಯಾರೂ ಕದಲಲಿಲ್ಲ. ಒಂದು ನಿಮಿಷಕ್ಕಿಂತ ಹೆಚ್ಚಾಗಿರಬೇಕು. ಗುಪ್ತದ್ವಾರ ತೆರೆದಾಗ ಕುಳಿತವನು ಎದ್ದು ಚಪ್ಪಾಳೆ ತಟ್ಟಿದ.

ಆ ಚಪ್ಪಾಳೆಯ ಬಿಸಿಯಲ್ಲೇ ನನ್ನ ಕೈ ತಪ್ಪಿತು. ಮುಂದಿನ ಓಣಿಯಲ್ಲಿ ಕೊಡಲಿ ಹಿಡಿದ ನಮ್ಮ ಮುಂದಾಳು ಮೂರು ಗುಂಪು ಕಡಲ್ಗಳ್ಳರನ್ನು ಒಟ್ಟಿಗೇ ಎಳೆದುಕೊಂಡ; ಅವನ ಆಯುಸ್ಸಿನ ಪಟ್ಟಿ ಮೇಣದಂತೆ ಕರಗತೊಡಗಿತು. ಗಾಯ ಮಾಯಿಸುವ ‘ಕ್ಯೂರ್’ ಮಂತ್ರ ಇದ್ದದ್ದು ಎರಡನೆಯ ಗುಂಡಿಯಲ್ಲಿ. ನಾನು ಒತ್ತಿದ್ದು ಮೂರನೆಯದನ್ನು, ವಿಷ ಮುಂತಾದ ದೋಷಗಳನ್ನು ತೆಗೆಯುವ ‘ಎಸುನಾ’. ಏನೂ ಆಗಲಿಲ್ಲವೆಂದು ಅದನ್ನೇ ಮತ್ತೆ ಒತ್ತಿದೆ. ಅವನು ಬಿದ್ದ. ಬಿದ್ದವರನ್ನು ಎಬ್ಬಿಸುವ ಮಂತ್ರಕ್ಕೆ ಎಂಟು ಸೆಕೆಂಡು ಜಪ ಬೇಕು, ಆ ಎಂಟು ಸೆಕೆಂಡಿನಲ್ಲಿ ಕಳ್ಳರೆಲ್ಲ ನನ್ನತ್ತ ತಿರುಗಿದರು. ಪುಸ್ತಕ ಹಿಡಿದ ಆರ್ಕೇನಿಸ್ಟ್ ಒಬ್ಬ ಇದ್ದ; ಹೊಡೆಯುವುದೇ ಅವನ ಕೆಲಸವಾದರೂ ‘ಫಿಸಿಕ್’ ಎಂಬ ಸಣ್ಣದೊಂದು ಗುಣಮಂತ್ರ ಅವನ ಬಳಿಯೂ ಇರುತ್ತದೆ. ಅದನ್ನು ನನ್ನ ಮೇಲೆ ಹಾಕುತ್ತ ನಿಂತ. ಎಂಟು ಸೆಕೆಂಡು ಮುಗಿಯಿತು, ಮುಂದಾಳು ಎದ್ದ, ಮಿಕ್ಕ ಕಳ್ಳರು ಉರುಳಿದರು. ನಾನು ನಿಘಂಟಿನಲ್ಲಿ ಕ್ಷಮೆಯ ಮಾತನ್ನು ಹುಡುಕುತ್ತಿದ್ದಾಗ ಮುಂದಾಳು ನಾಲ್ಕೈದು ಜಪಾನಿ ಅಕ್ಷರ ಬರೆದು ಮುಂದೆ ನಡೆದ. ಬೈಗುಳವೇ ಇರಬೇಕೆಂದು ಅದರ ಚಿತ್ರ ತೆಗೆದಿಟ್ಟು ಮರುದಿನ ಅಳಿಯನಿಗೆ ಕಳಿಸಿದೆ. ಅದು ‘ಡೊನ್‌ಮಾಯ್’, ತಲೆ ಕೆಡಿಸಿಕೊಳ್ಳಬೇಡ ಎಂದು ಹೇಳಲು ಅವರು ಬಳಸುವ ಪದವಂತೆ. ಅಲ್ಲಿಂದ ಮುಂದೆ ಅವನು ಒಂದು ಸಲಕ್ಕೆ ಒಂದೇ ಗುಂಪನ್ನು ಎಳೆದ.

ಗುಹೆ ಮುಗಿದಾಗ ಎಲ್ಲರೂ ‘ಒತ್ಸುಕಾರೆಸಾಮಾ’ ಎಂದು ಬರೆದು ಒಬ್ಬೊಬ್ಬರಾಗಿ ಮಾಯವಾದರು. ಜೊತೆಗೆ ದುಡಿದು ದಣಿದವರಿಗೆ ಹೇಳುವ ಮಾತು ಅದು. ಪ್ರತಿಯೊಬ್ಬರೂ ತಂಡದ ಇನ್ನೊಬ್ಬರಿಗೆ ಒಂದು ಮೆಚ್ಚುಗೆಯ ಅಂಕ ಕೊಡಬಹುದು. ಮುಂದಾಳನ್ನು ಸಾಯಿಸಿದ ವೈದ್ಯನಿಗೆ ಎರಡು ಬಂದಿದ್ದವು.

ಇದನ್ನು ಬರೀ ಜನರ ಒಳ್ಳೆಯತನವೆಂದು ಬಿಟ್ಟುಬಿಡಲು ವೃತ್ತಿಯ ಚಾಳಿ ಒಪ್ಪಲಿಲ್ಲ. ಲೆಕ್ಕ ಎಲ್ಲಿಂದ ಹುಟ್ಟುತ್ತದೆಂದು ನೋಡಿದೆ. ಎಷ್ಟೋ ವರ್ಷ ಆಡಿದವರು ಈ ಮೊದಲ ಗುಹೆಗೆ ಏಕೆ ಬರುತ್ತಾರೆ? ‘ರೂಲೆಟ್’ ಎಂಬ ಚೀಟಿ ಎತ್ತುವ ವ್ಯವಸ್ಥೆಯೊಂದಿದೆ. ದಿನಕ್ಕೊಮ್ಮೆ ಅದರಲ್ಲಿ ಹೆಸರು ಹಾಕಿದರೆ, ತಾವು ತೆರೆದಿರುವ ಗುಹೆಗಳ ಪೈಕಿ ಯಾವುದೋ ಒಂದಕ್ಕೆ ಅದು ಕಳಿಸುತ್ತದೆ, ಬದಲಿಗೆ ದೊಡ್ಡ ಪ್ರಮಾಣದ ಅನುಭವಾಂಕ ಕೊಡುತ್ತದೆ. ಒಳಗೆ ಬಂದವರ ಶಕ್ತಿಯನ್ನು ಆ ಗುಹೆಯ ಮಟ್ಟಕ್ಕೆ ಇಳಿಸಲಾಗುತ್ತದೆ, ಆದ್ದರಿಂದ ಹಳಬನೊಬ್ಬ ಒಂದೇ ಏಟಿಗೆ ಎಲ್ಲವನ್ನೂ ಮುಗಿಸಿ ಹೊಸಬನನ್ನು ಪ್ರೇಕ್ಷಕನನ್ನಾಗಿ ಮಾಡುವಂತಿಲ್ಲ. ಅದರ ಮೇಲೆ, ಹೊಸಬನಿದ್ದರೆ ಹೆಚ್ಚುವರಿ ಬಹುಮಾನ. ಹೀಗೆ ನನ್ನ ಅಜ್ಞಾನಕ್ಕೆ ಒಂದು ಬೆಲೆ ಕಟ್ಟಿ ಅದನ್ನು ಹಳಬರ ಜಮೆಯ ಕಡೆಗೆ ಬರೆದಿದ್ದಾರೆ. ನಿಂತು ಕಾದದ್ದಕ್ಕೂ ಚಪ್ಪಾಳೆ ತಟ್ಟಿದ್ದಕ್ಕೂ ಯಾವ ಅಂಕವೂ ಇಲ್ಲ, ಅದು ಅವರದೇ. ಆದರೆ ಕಾಯುವುದು ನಷ್ಟವಾಗದ ಹಾಗೆ ಏರ್ಪಾಡು ಮಾಡಿದವರು ಯಾರೋ ಕುಳಿತು ಚೆನ್ನಾಗಿ ಯೋಚಿಸಿದ್ದಾರೆ.

ಉಚಿತ ಆವೃತ್ತಿಗೆ ಅದರದೇ ಬೇಲಿಗಳಿವೆ. ಕೈಯಲ್ಲಿ 3 ಲಕ್ಷ ಗಿಲ್‌ಗಿಂತ ಹೆಚ್ಚು ಹಣ ಇಟ್ಟುಕೊಳ್ಳುವಂತಿಲ್ಲ, ಆಟಗಾರರ ಮಾರುಕಟ್ಟೆಯಲ್ಲಿ ಕೊಳ್ಳುವಂತೆಯೂ ಇಲ್ಲ ಮಾರುವಂತೆಯೂ ಇಲ್ಲ, ಆಟಗಾರರು ಕಟ್ಟಿಕೊಂಡ ಸಂಘಗಳನ್ನು ಸೇರುವಂತಿಲ್ಲ, ಕೂಗಿ ಹೇಳುವಂತಿಲ್ಲ, ತಂಡ ಕಟ್ಟುವಂತಿಲ್ಲ. ಯಾರಾದರೂ ಕರೆದರೆ ಹೋಗಬಹುದು ಅಷ್ಟೆ. ಮೋಸದ ವ್ಯಾಪಾರ ತಡೆಯುವುದಕ್ಕೆ ಇದೆಲ್ಲ ಬೇಕಿರಬಹುದು. ಅಳಿಯನೊಡನೆ ಸೇರಿ ಆಡಬೇಕಾದರೆ ಅವನಿಗೆ ಮೊದಲು ಫೋನ್ ಮಾಡಿ, “ಕರೆಯೋ ಮಾರಾಯ” ಎಂದು ಹೇಳಬೇಕಾಗುತ್ತದೆ. ಒಮ್ಮೆ ದುಡ್ಡು ಕೊಟ್ಟು ಪೂರ್ಣ ಆವೃತ್ತಿಗೆ ಹೋದರೆ ಅದೇ ಖಾತೆಯಲ್ಲಿ ಉಚಿತದ ಕಡೆಗೆ ಮರಳಲು ಸಾಧ್ಯವಿಲ್ಲ, ಆಮೇಲೆ ತಿಂಗಳ ಚಂದಾ ಕಟ್ಟಲೇಬೇಕು. ಅವಸರ ಮಾಡಬೇಡಿ ಎಂದು ಅವನೇ ತಡೆದಿದ್ದಾನೆ.

ಒಂದೇ ವೇಷಧಾರಿ ಎಲ್ಲ ವೃತ್ತಿಗಳನ್ನೂ ಕಲಿಯಬಹುದು ಎಂಬುದು ನನಗೆ ತುಂಬ ಹಿಡಿಸಿದ ಸಂಗತಿ. ಕೈಯಲ್ಲಿರುವ ಆಯುಧ ಬದಲಿಸಿದರೆ ವೃತ್ತಿ ಬದಲಾಗುತ್ತದೆ; ಹೊಸ ಪಾತ್ರ ಸೃಷ್ಟಿಸಬೇಕಾಗಿಲ್ಲ. ಗಾಳ ಹಿಡಿದರೆ ಮೀನುಗಾರ. ಲಿಮ್ಸಾ ಲೊಮಿನ್ಸಾ ಎಂಬ ಬಂದರು ಪಟ್ಟಣದಲ್ಲಿ ಗಾಳ ಕೊಂಡು ಕಟ್ಟೆಯ ಮೇಲೆ ಕುಳಿತೆ. ಮೀನು ಕಚ್ಚುವಾಗ ಗಾಳದ ಕೋಲು ಬಾಗುವ ರೀತಿಯಲ್ಲೇ ಅದು ದೊಡ್ಡದೋ ಸಣ್ಣದೋ ತಿಳಿಯುತ್ತದೆ. ಕೆಲವು ಮೀನುಗಳು ಮಳೆಯಲ್ಲಿ ಮಾತ್ರ ಸಿಗುತ್ತವೆ, ಕೆಲವು ರಾತ್ರಿ ಮಾತ್ರ. ಶರಾವತಿಯ ಅಳಿವೆಯಲ್ಲಿ ಗಾಳ ಹಾಕುತ್ತಿದ್ದ ನಮ್ಮ ನೆರೆಯವರು ಹೇಳುತ್ತಿದ್ದದ್ದೂ ಇಂಥದೇ ಮಾತು. ಯುದ್ಧ ಬೇಸರವಾದ ರಾತ್ರಿಗಳಲ್ಲಿ ಈಗಲೂ ಅಲ್ಲಿಗೇ ಹೋಗುತ್ತೇನೆ.

ಆಡಲು ಆರಂಭಿಸಿ ಐದು ವಾರಗಳಾದವು, ನನ್ನ ಕೋಡಂಗಿ ಈಗ 24ನೇ ಹಂತದಲ್ಲಿದ್ದಾನೆ. ಮೊನ್ನೆ ಮೊದಲ ಬಾರಿಗೆ ನಾನೂ ಚೀಟಿ ಎತ್ತುವ ಸರದಿಗೆ ಹೆಸರು ಹಾಕಿದೆ. ಅದು ಕಳಿಸಿದ್ದು ಸಸ್ತಾಷಾಕ್ಕೇ. ಹೆಸರಿನ ಪಕ್ಕ ಮೊಳಕೆ ಇದ್ದವರು ಈ ಸಲ ಇಬ್ಬರು, ನಾನು ಮತ್ತು ಕತ್ತಿ ಹಿಡಿದ ಒಬ್ಬ ಮುಂದಾಳು. ಅವನು ಪ್ರತಿ ತಿರುವಿನಲ್ಲೂ ನಿಂತು ಹಿಂದೆ ತಿರುಗಿ ನಾವು ಬಂದೆವೋ ಇಲ್ಲವೋ ಎಂದು ನೋಡುತ್ತಿದ್ದ. ರಕ್ತದ ಚೀಟಿಯ ಬಳಿ ನಾನು ಕುಳಿತುಕೊಂಡೆ, ಈ ತಂಡದಲ್ಲಿದ್ದ ಆರ್ಕೇನಿಸ್ಟ್ ಕೂಡ ನಿಂತ. ಮುಂದಾಳು ಚೀಟಿ ತೆರೆದು ಓದುತ್ತಿದ್ದ. ಅಷ್ಟರಲ್ಲಿ ನಮ್ಮ ಬಿಲ್ಲುಗಾರನಿಗೆ ತಾಳ್ಮೆ ತಪ್ಪಿತು. ಮೂರರಲ್ಲಿ ಒಂದು ತಾನೇ ಎಂದು ಹೋಗಿ ಹಸಿರು ಹವಳವನ್ನು ಮುಟ್ಟಿಬಿಟ್ಟ. ಅದು ಕೆಂಪಿರಬೇಕಿತ್ತು. ಕಲ್ಲುಗಳ ಸಂದಿಯಿಂದ ವೈರಿಗಳು ಎದ್ದು ನೇರವಾಗಿ ಅವನ ಮೈಮೇಲೆ ಬಿದ್ದವು. ನಾನು ಎದ್ದು ನಿಂತು, ಗುಂಡಿ ಎರಡೇ ಹೌದೋ ಅಲ್ಲವೋ ಎಂದು ಒಮ್ಮೆ ಕೆಳಗೆ ನೋಡಿ ಖಚಿತಪಡಿಸಿಕೊಂಡು, ಒತ್ತಿದೆ.